ಹಾರ್ಪರ್ ಸರ್ಕಾರದ ಸಾಧನೆಯನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು?

ಪ್ರಶ್ನೆ
ರಾಜ್ಯಶಾಸ್ತ್ರ ಅಧ್ಯಾಪಕಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗೆ ಸಂಸದೀಯ ಪದ್ಧತಿಗಳ ತೌಲನಿಕ ಅಧ್ಯಯನವನ್ನು ಬೋಧಿಸುತ್ತಿದ್ದೇನೆ. ಪ್ರತಿವರ್ಷವೂ ಬ್ರಿಟನ್ನಿನ ಉದಾಹರಣೆಯನ್ನೇ ಹೇಳುವುದಕ್ಕಿಂತ, ನಮ್ಮಂತೆಯೇ ಒಕ್ಕೂಟ ವ್ಯವಸ್ಥೆಯೂ ಭಾಷೆಯ ತಕರಾರುಗಳೂ ಇರುವ ಕೆನಡಾವನ್ನು ಈ ಬಾರಿ ಆರಿಸಿಕೊಂಡಿದ್ದೇನೆ. 2006ರ ಫೆಬ್ರವರಿಯಿಂದ 2015ರ ನವೆಂಬರ್‌ವರೆಗೆ ಪ್ರಧಾನಿಯಾಗಿದ್ದ ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಸರ್ಕಾರದ ಬಗ್ಗೆ ವಿದ್ಯಾರ್ಥಿಗಳಿಂದ ಚರ್ಚೆ ಮಾಡಿಸಬೇಕೆಂಬುದು ನನ್ನ ಯೋಜನೆ.

ಕ್ಯಾಲ್ಗರಿಯಲ್ಲಿರುವ ನನ್ನ ಅಣ್ಣನೂ ಬ್ರ್ಯಾಂಪ್ಟನ್ನಿನಲ್ಲಿರುವ ನನ್ನ ಅಕ್ಕನ ಮಗಳೂ ಈ ಸರ್ಕಾರದ ಬಗ್ಗೆ ಪೂರ್ತಿ ವಿರುದ್ಧವಾದ ಅಭಿಪ್ರಾಯಗಳನ್ನು ಹೊಂದಿದ್ದಾರೆ. ಸರಕು ಮತ್ತು ಸೇವಾ ತೆರಿಗೆಯನ್ನು ಶೇ 7ರಿಂದ ಶೇ 5ಕ್ಕೆ ಇಳಿಸಿದ, 2008ರ ಜಾಗತಿಕ ಆರ್ಥಿಕ ಕುಸಿತದಿಂದ ದೇಶವನ್ನು ಪಾರುಮಾಡಿದ, ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳಲ್ಲಿ ನಡೆದ ಕ್ರೌರ್ಯಕ್ಕಾಗಿ ಸಂಸತ್ತಿನಲ್ಲಿಯೇ ಕ್ಷಮೆ ಕೇಳಿದ ಸರ್ಕಾರ ಅದು ಎಂದು ಅಣ್ಣ ಹೇಳುತ್ತಾನೆ. ಸೋಲನ್ನು ತಪ್ಪಿಸಿಕೊಳ್ಳಲು ಸಂಸತ್ತಿನ ಬಾಗಿಲು ಮುಚ್ಚಿದ, ಜನಗಣತಿಯನ್ನು ಕೆಡಿಸಿದ, 2011ರಲ್ಲಿ ಹವಾಮಾನ ಬದಲಾವಣೆ ತಡೆಯುವ ಕ್ಯೋಟೊ ಒಪ್ಪಂದದಿಂದ ಹೊರನಡೆದ ಸರ್ಕಾರವೂ ಅದೇ ಎಂದು ಅಕ್ಕನ ಮಗಳು ಹೇಳುತ್ತಾಳೆ. ದಾಖಲೆಗಳನ್ನು ನೋಡಿದರೆ ಇಬ್ಬರೂ ಹೇಳುವ ಘಟನೆಗಳು ನಡೆದಿರುವುದು ನಿಜ. ಹಾಗಿದ್ದಮೇಲೆ, ಪಕ್ಷನಿಷ್ಠೆಯನ್ನು ಬದಿಗಿಟ್ಟು ಒಂದು ಸರ್ಕಾರದ ಕೆಲಸವನ್ನು ತೂಗಲು ವಿದ್ಯಾರ್ಥಿಗಳ ಕೈಗೆ ಯಾವ ಮಾನದಂಡವನ್ನು ಕೊಡಬೇಕು? ಕನ್ಸರ್ವೇಟಿವ್ ಎಂದೊಡನೆ ಬಿಜೆಪಿ, ಲಿಬರಲ್ ಎಂದೊಡನೆ ಕಾಂಗ್ರೆಸ್ ಎಂದು ಟಿಪ್ಪಣಿ ಬರೆದುಕೊಂಡು ನಮ್ಮ ಹುಡುಗರು ಅಲ್ಲಿಗೇ ಯೋಚನೆಯನ್ನು ನಿಲ್ಲಿಸಿಬಿಡುತ್ತಾರೆ ಎಂಬುದೇ ನನ್ನ ಆತಂಕ.

ಉತ್ತರ
ನಿವೃತ್ತ ಬ್ಯಾಂಕ್ ಅಧಿಕಾರಿ, ಜಮಖಂಡಿ

ಸೋದರಿ, ನಾನು ನಂಬುವ ಪರೀಕ್ಷೆ ಒಂದೇ. ಎದುರಾಳಿ ಪಕ್ಷ ಪೂರ್ಣ ಬಹುಮತದೊಂದಿಗೆ ಅಧಿಕಾರಕ್ಕೆ ಬಂದಮೇಲೆ, ಹಿಂದಿನವರ ಯಾವ ನಿರ್ಧಾರವನ್ನು ರದ್ದು ಮಾಡಿತು, ಯಾವುದನ್ನು ಉಳಿಸಿಕೊಂಡಿತು ಎಂದು ನೋಡಬೇಕು. ಪ್ರಚಾರ ವೇದಿಕೆಯಲ್ಲಿ ಬೈಯುವುದಕ್ಕೆ ದುಡ್ಡು ಬೇಕಾಗಿಲ್ಲ, ಬಜೆಟ್ ಮಂಡಿಸುವಾಗ ಬೇಕಾಗುತ್ತದೆ. ಆದ್ದರಿಂದ ಬಜೆಟ್ಟೇ ಹೆಚ್ಚು ಪ್ರಾಮಾಣಿಕವಾದ ಸಾಕ್ಷಿ.

2015ರ ಅಕ್ಟೋಬರ್‌ನಲ್ಲಿ ಜಸ್ಟಿನ್ ಟ್ರುಡೊ ಅವರ ಲಿಬರಲ್ ಪಕ್ಷ 338ರಲ್ಲಿ 184 ಸ್ಥಾನಗಳನ್ನು ಗೆದ್ದಿತು. ಮನಸ್ಸು ಮಾಡಿದ್ದರೆ ಹಾರ್ಪರ್ ಕಾಲದ ಎಲ್ಲವನ್ನೂ ಅಳಿಸಿಹಾಕುವಷ್ಟು ಬಲ ಅವರಿಗಿತ್ತು. ಆದರೆ ಶೇ 5ರ ತೆರಿಗೆ ಹಾಗೆಯೇ ಉಳಿಯಿತು. 2012ರ ಹೊತ್ತಿಗೆ ಶೇ 15ಕ್ಕೆ ಇಳಿದಿದ್ದ ಕಂಪನಿ ತೆರಿಗೆಯ ಸಾಮಾನ್ಯ ದರವೂ ಉಳಿಯಿತು. 2009ರಲ್ಲಿ ಆರಂಭವಾದ ತೆರಿಗೆಮುಕ್ತ ಉಳಿತಾಯ ಖಾತೆಯ ವಾರ್ಷಿಕ ಮಿತಿಯನ್ನು ಹತ್ತು ಸಾವಿರ ಡಾಲರಿನಿಂದ 5,500ಕ್ಕೆ ಇಳಿಸಿದರೇ ಹೊರತು ಖಾತೆಯನ್ನು ಮುಚ್ಚಲಿಲ್ಲ. ಆರು ವರ್ಷದೊಳಗಿನ ಪ್ರತಿ ಮಗುವಿಗೆ ತಿಂಗಳಿಗೆ ನೂರು ಡಾಲರ್ ಕೊಡುವ ಯೋಜನೆಯನ್ನು 2006ರಲ್ಲಿ ತಂದಾಗ ಲಿಬರಲ್ಲರು ಕಟುವಾಗಿ ಟೀಕಿಸಿದ್ದರು. 2016ರಲ್ಲಿ ಅವರು ಮಾಡಿದ್ದು ಹಣವನ್ನು ನೇರವಾಗಿ ಪಾಲಕರ ಕೈಗೇ ಕೊಡುವ ತತ್ತ್ವವನ್ನು ಒಪ್ಪಿ, ಅದನ್ನು ಕುಟುಂಬದ ಆದಾಯಕ್ಕೆ ತಕ್ಕಂತೆ ಬದಲಿಸಿದ್ದು. ಇನ್ನೊಂದು ಕಡೆ, ವೃದ್ಧಾಪ್ಯ ಪಿಂಚಣಿಯ ವಯಸ್ಸನ್ನು 65ರಿಂದ 67ಕ್ಕೆ ಏರಿಸುವ 2012ರ ನಿರ್ಧಾರವನ್ನು ಅವರು ರದ್ದು ಮಾಡಿದರು.

ಆದರೆ 2008ರ ಕುಸಿತದಿಂದ ದೇಶ ಪಾರಾದದ್ದರ ಶ್ರೇಯಸ್ಸನ್ನು ಹಾರ್ಪರ್ ಒಬ್ಬರಿಗೇ ಕೊಡುವುದನ್ನು ಬ್ಯಾಂಕಿನಲ್ಲಿ ದುಡಿದ ನಾನು ಒಪ್ಪಲಾರೆ. ಕೆನಡಾದ ದೊಡ್ಡ ಬ್ಯಾಂಕುಗಳು ಪರಸ್ಪರ ವಿಲೀನವಾಗಲು ಹೊರಟಾಗ 1998ರಲ್ಲಿ ಅದನ್ನು ತಡೆದವರು ಅಂದಿನ ಲಿಬರಲ್ ಹಣಕಾಸು ಸಚಿವ ಪಾಲ್ ಮಾರ್ಟಿನ್. ಬಿಗಿಯಾದ ಮೇಲ್ವಿಚಾರಣೆಯ ಪದ್ಧತಿಯೂ ಹಾರ್ಪರ್‌ಗಿಂತ ಮೊದಲಿನದೇ. ಹಾರ್ಪರ್ ಸರ್ಕಾರದ ಮೊದಲ ವರ್ಷದಲ್ಲಿ 40 ವರ್ಷಗಳ ಅವಧಿಯ ಗೃಹಸಾಲಗಳಿಗೂ ವಿಮೆ ಸಿಗುವಂತಾಯಿತು. ಕುಸಿತದ ಲಕ್ಷಣ ಕಾಣಿಸಿಕೊಂಡಮೇಲೆ ಹಣಕಾಸು ಸಚಿವ ಜಿಮ್ ಫ್ಲಾಹರ್ಟಿ ಅದನ್ನು ಮೊದಲು 35ಕ್ಕೆ, ನಂತರ 30ಕ್ಕೆ, 2012ರಲ್ಲಿ 25 ವರ್ಷಕ್ಕೆ ಇಳಿಸಿದರು. ಕುಸಿತ ಬಂದಾಗ ತತ್ತ್ವಕ್ಕೆ ಜೋತುಬೀಳದೆ 2009ರ ಜನವರಿಯಲ್ಲಿ ಭಾರಿ ವೆಚ್ಚದ ಬಜೆಟ್ ಮಂಡಿಸಿದ್ದು ಅವರ ನಿಜವಾದ ಸಾಧನೆ. ಅಧಿಕಾರ ವಹಿಸಿಕೊಂಡಾಗ 13 ಶತಕೋಟಿ ಡಾಲರಿಗೂ ಹೆಚ್ಚಿನ ಮಿಗತೆಯಿದ್ದ ಖಜಾನೆ 2009–10ರಲ್ಲಿ 55 ಶತಕೋಟಿಗೂ ಹೆಚ್ಚಿನ ಕೊರತೆಯನ್ನು ಕಂಡು, 2014–15ರಲ್ಲಿ ಸುಮಾರು 1.9 ಶತಕೋಟಿಯ ಮಿಗತೆಗೆ ಮರಳಿತು. ಸಾಲವನ್ನು ಮಾಡುವುದಕ್ಕೂ ತೀರಿಸುವುದಕ್ಕೂ ಸಮಯವನ್ನು ಬಲ್ಲ ಸರ್ಕಾರ ಅದಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಉತ್ತರ
ವಕೀಲ, ಬೆಳಗಾವಿ

ಹಿರಿಯರ ಪರೀಕ್ಷೆ ತೆರಿಗೆ ಮತ್ತು ಪಿಂಚಣಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಸಂಸತ್ತಿನ ವಿಷಯಕ್ಕೆ ಬಂದಾಗ ಅದು ತಲೆಕೆಳಗಾಗುತ್ತದೆ ಎಂದು ನಾನು ವಾದಿಸುತ್ತೇನೆ. ಅಧಿಕಾರದಲ್ಲಿರುವವರಿಗೆ ಅನುಕೂಲವಾದ ಕೆಟ್ಟ ಸಂಪ್ರದಾಯವನ್ನು ಮುಂದೆ ಬಂದವರೂ ಬಿಟ್ಟುಕೊಡುವುದಿಲ್ಲ. ಉಳಿದುಕೊಂಡಿತು ಎಂಬ ಕಾರಣಕ್ಕೆ ಅದು ಒಳ್ಳೆಯದಾಗುವುದಿಲ್ಲ.

ನಡೆದದ್ದನ್ನು ಕ್ರಮವಾಗಿ ನೋಡಿ. 2008ರ ಅಕ್ಟೋಬರ್ 14ರ ಚುನಾವಣೆಯಲ್ಲಿ ಹಾರ್ಪರ್ ಅವರಿಗೆ ಎರಡನೆಯ ಬಾರಿಯೂ ಅಲ್ಪಮತವೇ ದೊರೆಯಿತು. ನವೆಂಬರ್ ಕೊನೆಯಲ್ಲಿ ಫ್ಲಾಹರ್ಟಿ ಮಂಡಿಸಿದ ಆರ್ಥಿಕ ಹೇಳಿಕೆಯಲ್ಲಿ, ಪಡೆದ ಮತಗಳಿಗೆ ಅನುಗುಣವಾಗಿ ಪಕ್ಷಗಳಿಗೆ ಸಿಗುತ್ತಿದ್ದ ಸಾರ್ವಜನಿಕ ಹಣವನ್ನು ನಿಲ್ಲಿಸುವ ಪ್ರಸ್ತಾಪವಿತ್ತು. ಕೆರಳಿದ ಲಿಬರಲ್ ಮತ್ತು ಎಡಪಂಥದ ಎನ್‌ಡಿಪಿ ಪಕ್ಷಗಳು ಕೆಬೆಕ್ ಪ್ರಾಂತದ ಬ್ಲಾಕ್ ಕೆಬೆಕ್ವಾ ಪಕ್ಷದ ಬೆಂಬಲದೊಂದಿಗೆ ಸಮ್ಮಿಶ್ರ ಸರ್ಕಾರ ರಚಿಸಲು ಲಿಖಿತ ಒಪ್ಪಂದ ಮಾಡಿಕೊಂಡವು. ವಿಶ್ವಾಸಮತದಲ್ಲಿ ಸೋಲು ಖಚಿತವಾಗಿತ್ತು. ಆಗ ಹಾರ್ಪರ್ ಡಿಸೆಂಬರ್ 4ರಂದು ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ಮಿಖಾಯೆಲ್ ಜಾನ್ ಅವರ ಬಳಿಗೆ ಹೋಗಿ ಅಧಿವೇಶನವನ್ನೇ ಮುಕ್ತಾಯಗೊಳಿಸುವಂತೆ ಸಲಹೆ ನೀಡಿದರು, ಅವರು ಒಪ್ಪಿದರು. ಜನವರಿ 26ರಂದು ಸದನ ಮತ್ತೆ ಸೇರುವಷ್ಟರಲ್ಲಿ ಮೈತ್ರಿ ಮುರಿದುಬಿದ್ದಿತ್ತು. ಮರುವರ್ಷ ಡಿಸೆಂಬರ್ 30ರಂದು, ಕೆನಡಾದ ಸೇನೆ ಅಫ್ಗಾನಿಸ್ತಾನದಲ್ಲಿ ಸೆರೆಹಿಡಿದು ಅಲ್ಲಿನ ಅಧಿಕಾರಿಗಳಿಗೆ ಒಪ್ಪಿಸಿದ ಕೈದಿಗಳ ಕುರಿತ ದಾಖಲೆಗಳನ್ನು ಸದನ ಕೇಳುತ್ತಿದ್ದಾಗ, ಇದೇ ಕ್ರಮವನ್ನು ಎರಡನೆಯ ಬಾರಿ ಅನುಸರಿಸಲಾಯಿತು.

ಹುಬ್ಬಳ್ಳಿ ಭಾಗದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ ಪ್ರಕರಣದಲ್ಲಿ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ನಮ್ಮ ಸುಪ್ರೀಂ ಕೋರ್ಟು 1994ರಲ್ಲಿ ಸ್ಪಷ್ಟಪಡಿಸಿತು. ಆ ತೀರ್ಪನ್ನು ಓದಿ ಬೆಳೆದ ಕರ್ನಾಟಕದ ವಕೀಲನಿಗೆ 2008ರ ಡಿಸೆಂಬರ್ 4ನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಸುವರ್ಣ ವಿಧಾನಸೌಧದಲ್ಲಿ ವರ್ಷಕ್ಕೊಮ್ಮೆ ಕೆಲವೇ ದಿನ ಅಧಿವೇಶನ ನಡೆಯುವ ಈ ಊರಿನಲ್ಲಿ, ಚರ್ಚೆಗೆ ಸಿಗುವ ಒಂದೊಂದು ದಿನದ ಬೆಲೆ ನಮಗೆ ಗೊತ್ತಿದೆ.

ಇನ್ನು ಉಳಿದುಕೊಂಡದ್ದರ ಮಾತು. 2020ರ ಆಗಸ್ಟ್‌ನಲ್ಲಿ, ಒಂದು ದತ್ತಿ ಸಂಸ್ಥೆಗೆ ಕೊಟ್ಟ ಗುತ್ತಿಗೆಯ ಬಗ್ಗೆ ಸಂಸದೀಯ ಸಮಿತಿಗಳು ವಿಚಾರಣೆ ನಡೆಸುತ್ತಿದ್ದಾಗ, ಟ್ರುಡೊ ಅವರೂ ಅಧಿವೇಶನವನ್ನು ಮುಕ್ತಾಯಗೊಳಿಸಿದರು. 2025ರ ಜನವರಿಯಲ್ಲಿ ರಾಜೀನಾಮೆ ಘೋಷಿಸುವಾಗ ಮತ್ತೊಮ್ಮೆ ಹಾಗೆಯೇ ಮಾಡಿದರು. 2012ರಲ್ಲಿ ಹಾರ್ಪರ್ ಸರ್ಕಾರ 400ಕ್ಕೂ ಹೆಚ್ಚು ಪುಟಗಳ ಬಜೆಟ್ ಮಸೂದೆಯೊಂದರಲ್ಲಿ ಸುಮಾರು 70 ಕಾಯ್ದೆಗಳ ತಿದ್ದುಪಡಿಯನ್ನು ಸೇರಿಸಿ, ಪರಿಸರ ಪರಿಶೀಲನೆಯ ಕಾನೂನನ್ನೇ ಬದಲಿಸಿದಾಗ ಲಿಬರಲ್ಲರು ಪ್ರತಿಭಟಿಸಿದ್ದರು. ಆ ಪದ್ಧತಿಯನ್ನು ಕೈಬಿಡುತ್ತೇವೆಂದು ಹೇಳಿ ಬಂದವರು, ತಪ್ಪೆಸಗಿದ ಕಂಪನಿಗಳು ಮೊಕದ್ದಮೆಯನ್ನು ತಪ್ಪಿಸಿ ಒಪ್ಪಂದಕ್ಕೆ ಬರಲು ಅವಕಾಶ ನೀಡುವ ದಂಡಸಂಹಿತೆಯ ತಿದ್ದುಪಡಿಯನ್ನು 2018ರಲ್ಲಿ ಬಜೆಟ್ ಮಸೂದೆಯೊಳಗೇ ಸೇರಿಸಿದರು. ಎರಡೂ ಪಕ್ಷಗಳು ಉಳಿಸಿಕೊಂಡ ಈ ಸಂಗತಿಗಳನ್ನು ಸಾಧನೆಯೆಂದು ಕರೆಯಲು ಹಿರಿಯರು ಸಿದ್ಧರಿದ್ದಾರೆಯೇ?

ಮೇಡಂ, ಇನ್ನೊಂದು ಅಂಕಿಯನ್ನು ವಿದ್ಯಾರ್ಥಿಗಳ ಮುಂದಿಡಿ. 2011ರ ಮಾರ್ಚ್ 25ರಂದು ಹೌಸ್ ಆಫ್ ಕಾಮನ್ಸ್ ಸರ್ಕಾರವನ್ನು ಸದನ ನಿಂದನೆಯ ಕಾರಣಕ್ಕೆ 156–145 ಮತಗಳಿಂದ ಉರುಳಿಸಿತು. ಒಂದೂವರೆ ತಿಂಗಳೂ ಕಳೆಯುವ ಮೊದಲೇ, ಮೇ 2ರಂದು, ಜನರು ಅದೇ ಸರ್ಕಾರಕ್ಕೆ 308ರಲ್ಲಿ 166 ಸ್ಥಾನಗಳ ಬಹುಮತ ಕೊಟ್ಟರು. ಅದಕ್ಕೆ ಬಂದ ಮತಗಳು ಶೇ 39.6, 2015ರಲ್ಲಿ ಟ್ರುಡೊ ಅವರಿಗೆ ಬಹುಮತ ತಂದುಕೊಟ್ಟ ಮತಗಳು ಶೇ 39.5. ಈ ಚುನಾವಣಾ ಪದ್ಧತಿಯನ್ನು ಬದಲಿಸುವುದಾಗಿ ಟ್ರುಡೊ ಭರವಸೆ ಕೊಟ್ಟಿದ್ದರು, 2017ರ ಫೆಬ್ರವರಿಯಲ್ಲಿ ಕೈಬಿಟ್ಟರು.

ಉತ್ತರ
ಕಡಲೆ ಬೆಳೆಗಾರ, ಸಿಂದಗಿ

ಅಕ್ಕನವರಿಗೂ ಹಿರಿಯರಿಗೂ ನಮಸ್ಕಾರ. ನಾನು ಹಿಂಗಾರಿನಲ್ಲಿ ಬಿಳಿಜೋಳ ಮತ್ತು ಕಡಲೆ, ಮುಂಗಾರಿನಲ್ಲಿ ತೊಗರಿ ಬೆಳೆಯುವವನು. ಕೆನಡಾದ ಹಳದಿ ಬಟಾಣಿ ಬಂದಾಗಲೆಲ್ಲ ವಿಜಯಪುರದ ಪೇಟೆಯಲ್ಲಿ ನಮ್ಮ ಕಡಲೆಯ ಧಾರಣೆ ಅಲುಗಾಡುತ್ತದೆ, ಏಕೆಂದರೆ ಬಟಾಣಿ ಹಿಟ್ಟನ್ನು ಕಡಲೆಹಿಟ್ಟಿನ ಬದಲು ಬಳಸುತ್ತಾರೆ. ಆದ್ದರಿಂದ ಆ ದೇಶದ ಕೃಷಿ ನೀತಿಯನ್ನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ನೀವು ಯಾರೂ ಪ್ರಸ್ತಾಪಿಸದ ಕೆನಡಿಯನ್ ವೀಟ್ ಬೋರ್ಡ್ ಬಗ್ಗೆ ಬರೆಯಲೇಬೇಕೆನ್ನಿಸಿತು.

1935ರಲ್ಲಿ ಸ್ಥಾಪನೆಯಾದ ಆ ಮಂಡಳಿಗೆ 1943ರಿಂದ ಪಶ್ಚಿಮದ ಬಯಲು ಪ್ರಾಂತಗಳಾದ ಮ್ಯಾನಿಟೋಬಾ, ಸಸ್ಕಾಚೆವಾನ್, ಆಲ್ಬರ್ಟಾಗಳ ಗೋದಿಯ ಮಾರಾಟದ ಮೇಲೆ ಏಕಸ್ವಾಮ್ಯವಿತ್ತು. ರೈತನಿಗೆ ಮೊದಲು ಒಂದಿಷ್ಟು ಹಣ ಕೊಟ್ಟು, ವರ್ಷದ ಮಾರಾಟ ಮುಗಿದಮೇಲೆ ಒಟ್ಟು ಬಂದದ್ದನ್ನು ಗುಣಮಟ್ಟದ ಪ್ರಕಾರ ಎಲ್ಲರಿಗೂ ಹಂಚುತ್ತಿದ್ದರು. ಸುಗ್ಗಿಯ ವಾರದಲ್ಲಿ ಮಾರಿದವನಿಗೂ ಬೇಸಿಗೆಯಲ್ಲಿ ಮಾರಿದವನಿಗೂ ಒಂದೇ ಸರಾಸರಿ ದರ. ಇದನ್ನು ಆಸರೆಯೆಂದು ಕಂಡ ರೈತರೂ ಇದ್ದರು, ಬೇಡಿಯೆಂದು ಕಂಡವರೂ ಇದ್ದರು. ಮಂಡಳಿಯ ಅನುಮತಿಯಿಲ್ಲದೆ ಗೋದಿಯನ್ನು ಗಡಿ ದಾಟಿಸಿ ಅಮೆರಿಕಕ್ಕೆ ಒಯ್ದು ಜೈಲಿಗೆ ಹೋದವರಿದ್ದರು, ಅಂಥವರಿಗೆ ಹಾರ್ಪರ್ 2012ರಲ್ಲಿ ಕ್ಷಮಾದಾನ ಘೋಷಿಸಿದರು.

ಏಕಸ್ವಾಮ್ಯವನ್ನು ತೆಗೆಯುವ ಮೊದಲು ರೈತರ ಮತ ಕೇಳಬೇಕೆಂದು ಮಂಡಳಿಯ ಕಾಯ್ದೆಯಲ್ಲಿಯೇ ಬರೆದಿತ್ತು. ಸರ್ಕಾರ ಕೇಳಲಿಲ್ಲ. ಮಂಡಳಿ 2011ರಲ್ಲಿ ತಾನೇ ನಡೆಸಿದ ಮತದಾನದಲ್ಲಿ ಶೇ 62ರಷ್ಟು ಗೋದಿ ಬೆಳೆಗಾರರು ಹಳೆಯ ವ್ಯವಸ್ಥೆಯೇ ಇರಲಿ ಎಂದರು. ಸಚಿವರು ಕಾನೂನನ್ನು ಮೀರಿದ್ದಾರೆಂದು ಫೆಡರಲ್ ನ್ಯಾಯಾಲಯ ಡಿಸೆಂಬರ್‌ನಲ್ಲಿ ಹೇಳಿತು. ಮಸೂದೆ ಆದರೂ ಅಂಗೀಕಾರವಾಯಿತು. ಮೇಲ್ಮನವಿ ನ್ಯಾಯಾಲಯ ಮರುವರ್ಷ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. 2012ರ ಆಗಸ್ಟ್ 1ಕ್ಕೆ ಏಕಸ್ವಾಮ್ಯ ಕೊನೆಗೊಂಡಿತು. 2015ರಲ್ಲಿ ಮಂಡಳಿಯ ಶೇ 50.1ರಷ್ಟು ಪಾಲು ಅಮೆರಿಕದ ಬಂಗಿ ಕಂಪನಿ ಮತ್ತು ಸೌದಿ ಅರೇಬಿಯಾದ ಕೃಷಿ ಹೂಡಿಕೆ ಸಂಸ್ಥೆ ಸೇರಿ ಮಾಡಿಕೊಂಡ ಪಾಲುದಾರಿಕೆಗೆ ಹೋಯಿತು.

ಜಮಖಂಡಿಯ ಹಿರಿಯರ ಪರೀಕ್ಷೆಯ ಪ್ರಕಾರ, ಲಿಬರಲ್ಲರು ಮಂಡಳಿಯನ್ನು ಮರಳಿ ತರಲಿಲ್ಲವಾದ್ದರಿಂದ ಇದು ಸರಿಯಾದ ನಿರ್ಧಾರವೆಂದಾಗುತ್ತದೆ. ನಾನು ಹಾಗೆ ಓದುವುದಿಲ್ಲ. ಕಚೇರಿ, ರೈಲು ಬೋಗಿ, ಹಡಗು, ಗಿರಾಕಿಗಳ ನಂಟು ಎಲ್ಲವೂ ಕೈಬಿಟ್ಟುಹೋದಮೇಲೆ ಮರಳಿ ಕಟ್ಟಲು ಅಲ್ಲಿ ಏನೂ ಉಳಿದಿರಲಿಲ್ಲ. ನಮ್ಮಲ್ಲಿ 2020ರ ಮೂರು ಕೃಷಿ ಕಾಯ್ದೆಗಳನ್ನು ಮರುವರ್ಷ ನವೆಂಬರ್‌ನಲ್ಲಿ ಹಿಂಪಡೆಯಲು ಸಾಧ್ಯವಾದದ್ದು ಎಪಿಎಂಸಿ ಪ್ರಾಂಗಣಗಳು ಇನ್ನೂ ನಿಂತಿದ್ದವು ಎಂಬ ಕಾರಣಕ್ಕೆ. ರದ್ದು ಮಾಡಲಾಗದ ನಿರ್ಧಾರ ಮತ್ತು ರದ್ದು ಮಾಡಬೇಕೆನ್ನಿಸದ ನಿರ್ಧಾರ, ಇವೆರಡನ್ನೂ ವಿದ್ಯಾರ್ಥಿಗಳು ಬೇರೆಬೇರೆಯಾಗಿ ಪಟ್ಟಿ ಮಾಡಲಿ.

ಏಕಸ್ವಾಮ್ಯ ಹೋದದ್ದರಿಂದ ಎಲ್ಲ ರೈತರೂ ಕೆಟ್ಟರೆಂದು ನಾನು ಹೇಳುತ್ತಿಲ್ಲ. ದೊಡ್ಡ ಹಿಡುವಳಿದಾರರಲ್ಲಿ ಹಲವರು ಇಂದಿಗೂ ಅದನ್ನು ಸ್ವಾಗತಿಸುತ್ತಾರೆ. ಆದರೆ 2013ರಲ್ಲಿ ದಾಖಲೆಯ ಬೆಳೆ ಬಂದು, ಕಡುಚಳಿಯಲ್ಲಿ ರೈಲು ಸಾಗಣೆ ಕಟ್ಟಿಕೊಂಡು, ಧಾನ್ಯ ಕಣಜಗಳಲ್ಲಿಯೇ ಉಳಿದಾಗ, ರೈಲು ಕಂಪನಿಗಳೊಂದಿಗೆ ರೈತರ ಪರವಾಗಿ ಒಟ್ಟಾಗಿ ಮಾತನಾಡುವ ಸಂಸ್ಥೆಯೇ ಇರಲಿಲ್ಲ. ಕೊನೆಗೆ ಮುಕ್ತ ಮಾರುಕಟ್ಟೆಯನ್ನು ಪ್ರತಿಪಾದಿಸುತ್ತಿದ್ದ ಅದೇ ಸರ್ಕಾರ 2014ರ ಮಾರ್ಚ್‌ನಲ್ಲಿ, ಎರಡು ರೈಲು ಕಂಪನಿಗಳೂ ವಾರಕ್ಕೆ ತಲಾ ಐದು ಲಕ್ಷ ಟನ್ ಧಾನ್ಯವನ್ನು ಸಾಗಿಸಲೇಬೇಕೆಂದು ಆದೇಶ ಹೊರಡಿಸಬೇಕಾಯಿತು. ಕೇಳಬೇಕಾದವರನ್ನು ಕೇಳದೆ ಮಾಡಿದ್ದು ಆ ಸರ್ಕಾರದ ದೊಡ್ಡ ತಪ್ಪು ಎಂದೇ ನಾನು ನಂಬಿದ್ದೇನೆ.

ಉತ್ತರ
ಕೆನಡಾದಿಂದ ಮರಳಿದವಳು, ಬಾಗಲಕೋಟೆ

ಬಿಜೆಪಿ–ಕಾಂಗ್ರೆಸ್ ಹೋಲಿಕೆಯ ಬಗ್ಗೆ ಅಕ್ಕ ಪಟ್ಟ ಆತಂಕ ಸರಿಯಾದದ್ದು. ಅವರ ಅಕ್ಕನ ಮಗಳು ಇರುವ ಬ್ರ್ಯಾಂಪ್ಟನ್ನನ್ನೇ ನೋಡಿ: ಭಾರತೀಯ ಮೂಲದವರು ಅಷ್ಟೊಂದು ಸಂಖ್ಯೆಯಲ್ಲಿರುವ ಆ ನಗರದ ಕ್ಷೇತ್ರಗಳನ್ನು 2011ರಲ್ಲಿ ಕನ್ಸರ್ವೇಟಿವ್ ಪಕ್ಷವೇ ಗೆದ್ದಿತ್ತು, 2015ರಲ್ಲಿ ಎಲ್ಲವೂ ಲಿಬರಲ್ಲರ ಪಾಲಾದವು. ವಲಸೆ ಸಚಿವ ಜೇಸನ್ ಕೆನಿ ಗುರುದ್ವಾರ, ದೇವಸ್ಥಾನಗಳಿಗೆ ಬಂದು ವರ್ಷಗಟ್ಟಲೆ ಕಟ್ಟಿದ ನಂಟು ಅದರ ಹಿಂದೆ ಇತ್ತು. 329 ಜನರನ್ನು ಬಲಿ ತೆಗೆದುಕೊಂಡ 1985ರ ಏರ್ ಇಂಡಿಯಾ ಸ್ಫೋಟದ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಸಿ, ಸರ್ಕಾರಿ ಸಂಸ್ಥೆಗಳ ವೈಫಲ್ಯಕ್ಕಾಗಿ 2010ರಲ್ಲಿ ಕುಟುಂಬಗಳ ಕ್ಷಮೆ ಕೇಳಿದವರು ಹಾರ್ಪರ್. ಅದಕ್ಕೆ ಮೊದಲಿನ ಎರಡು ದಶಕಗಳಲ್ಲಿ ಯಾವ ಪಕ್ಷವೂ ಅದನ್ನು ಮಾಡಿರಲಿಲ್ಲ. ಪೋಖ್ರಾನ್ ನಂತರ ಕಡಿದುಹೋಗಿದ್ದ ಪರಮಾಣು ಸಹಕಾರವನ್ನು 2010ರ ಒಪ್ಪಂದದಿಂದ ಮತ್ತೆ ಜೋಡಿಸಿದವರೂ ಅವರೇ.

ಆದರೆ ಅದೇ ಸರ್ಕಾರ 2008ರ ಫೆಬ್ರವರಿ 27ಕ್ಕೆ ಮೊದಲು ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ದ ನುರಿತ ಕೆಲಸಗಾರರ ಅರ್ಜಿಗಳನ್ನು 2012ರಲ್ಲಿ ಕಾನೂನಿನ ಮೂಲಕವೇ ರದ್ದುಗೊಳಿಸಿ, ಶುಲ್ಕವನ್ನು ಹಿಂದಿರುಗಿಸಿತು. ಸಾಲಿನಲ್ಲಿ ಪ್ರಾಮಾಣಿಕವಾಗಿ ನಿಂತವರಿಗೆ ಆದ ಆ ಅನ್ಯಾಯವನ್ನು ನಾನು ಮರೆಯಲಾರೆ. 2015ರ ಪ್ರಚಾರದಲ್ಲಿ ಮುಸ್ಲಿಂ ಮಹಿಳೆಯರ ಮುಖಪರದೆಯನ್ನು ಚುನಾವಣೆಯ ವಿಷಯ ಮಾಡಿ, ಅನಾಗರಿಕ ಸಾಂಸ್ಕೃತಿಕ ಆಚರಣೆಗಳ ಬಗ್ಗೆ ದೂರು ಕೊಡಲು ಪೊಲೀಸ್ ಸಹಾಯವಾಣಿ ತೆರೆಯುತ್ತೇವೆ ಎಂದಾಗ, ವರ್ಷಗಟ್ಟಲೆ ಕಟ್ಟಿದ ನಂಟನ್ನು ಅವರೇ ಕೆಲವು ವಾರಗಳಲ್ಲಿ ಕಡಿದುಕೊಂಡರು.

ಉತ್ತರ
ನಿವೃತ್ತ ಬ್ಯಾಂಕ್ ಅಧಿಕಾರಿ, ಜಮಖಂಡಿ

ವಕೀಲರು ಕೇಳಿದ ಪ್ರಶ್ನೆಗೆ ನೇರ ಉತ್ತರ: ಸಿದ್ಧನಿಲ್ಲ. ಹಣದ ನಿರ್ಧಾರಗಳಿಗೆ ನನ್ನ ಪರೀಕ್ಷೆ ಸಲ್ಲುತ್ತದೆ, ಅಧಿಕಾರದ ನಡವಳಿಕೆಗೆ ಸಲ್ಲುವುದಿಲ್ಲ ಎಂಬ ಅವರ ಮಾತಿಗೆ ತೂಕವಿದೆ. ಆದರೂ ಜನಗಣತಿಯ ವಿಷಯದಲ್ಲಿ ಅದು ಸಲ್ಲುತ್ತದೆ. ದೀರ್ಘ ಪ್ರಶ್ನಾವಳಿಗೆ ಉತ್ತರಿಸುವುದು ಕಡ್ಡಾಯವಲ್ಲವೆಂದು 2010ರಲ್ಲಿ ನಿರ್ಧರಿಸಿದಾಗ ಮುಖ್ಯ ಸಂಖ್ಯಾಶಾಸ್ತ್ರಜ್ಞ ಮುನೀರ್ ಶೇಖ್ ರಾಜೀನಾಮೆ ಕೊಟ್ಟರು. 2011ರ ಐಚ್ಛಿಕ ಸಮೀಕ್ಷೆಗೆ ಸುಮಾರು ಮೂರನೇ ಒಂದು ಭಾಗದಷ್ಟು ಮನೆಗಳು ಉತ್ತರಿಸಲಿಲ್ಲ. ಅನೇಕ ಸಣ್ಣ ಊರುಗಳ ಅಂಕಿಅಂಶವನ್ನು ಪ್ರಕಟಿಸುವಂತೆಯೇ ಇರಲಿಲ್ಲ. ಹೊಸ ಸರ್ಕಾರ ಬಂದೊಡನೆ ಮಾಡಿದ ಮೊದಲ ಕೆಲಸಗಳಲ್ಲಿ ಕಡ್ಡಾಯ ಪ್ರಶ್ನಾವಳಿಯನ್ನು ಮರಳಿ ತಂದದ್ದೂ ಒಂದು. 2021ರಲ್ಲಿ ನಡೆಯಬೇಕಿದ್ದ ಜನಗಣತಿಗಾಗಿ ಇಷ್ಟು ವರ್ಷ ಕಾದ ನಮಗೆ ಅದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನಿಸಿದವರಿಂದ
ರಾಜ್ಯಶಾಸ್ತ್ರ ಅಧ್ಯಾಪಕಿ, ಬೆಳಗಾವಿ

ಎಲ್ಲರಿಗೂ ಕೃತಜ್ಞತೆಗಳು. ಸಿಂದಗಿಯ ಅಣ್ಣನವರು ಹೇಳಿದ ಎರಡು ಪಟ್ಟಿಗಳಿಗೆ, ವಕೀಲರ ವಾದವನ್ನು ಆಧರಿಸಿ ಇನ್ನೆರಡನ್ನು ಸೇರಿಸಿ ತರಗತಿಗೆ ಕೊಡುತ್ತೇನೆ: ಎದುರಾಳಿಗಳು ರದ್ದು ಮಾಡಿದ್ದು, ಒಪ್ಪಿ ಉಳಿಸಿಕೊಂಡದ್ದು, ರದ್ದು ಮಾಡಲಾಗದೆ ಉಳಿದದ್ದು, ತಮಗೂ ಅನುಕೂಲವೆಂದು ಉಳಿಸಿಕೊಂಡದ್ದು. ಆದರೆ ವಸತಿ ಶಾಲೆಗಳ ಕ್ಷಮಾಯಾಚನೆಯನ್ನು ಇವುಗಳಲ್ಲಿ ಎಲ್ಲಿ ಇಡಬೇಕೆಂದು ತೋಚುತ್ತಿಲ್ಲ.

ಉತ್ತರ
ವಕೀಲ, ಬೆಳಗಾವಿ

ಮೇಡಂ, ಅದನ್ನು ಒಂದು ದಿನದ ಘಟನೆಯಾಗಿ ನೋಡದೆ ಮುಂದಿನ ವರ್ಷಗಳೊಂದಿಗೆ ಸೇರಿಸಿ ಓದಿಸಿ. 2008ರ ಜೂನ್ 11ರಂದು ಹಾರ್ಪರ್ ಹೌಸ್ ಆಫ್ ಕಾಮನ್ಸ್‌ನಲ್ಲಿ ಕ್ಷಮೆ ಕೇಳಿದರು. ಮೂಲನಿವಾಸಿ ನಾಯಕರಿಗೆ ಸದನದೊಳಗೇ ಉತ್ತರಿಸುವ ಅವಕಾಶ ದೊರೆಯಿತು. ಅದನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುತ್ತೇನೆ. ಅದಕ್ಕೆ ಮೊದಲು, 2005ರಲ್ಲಿ ಪಾಲ್ ಮಾರ್ಟಿನ್ ಸರ್ಕಾರ ಪ್ರಾಂತಗಳು ಮತ್ತು ಮೂಲನಿವಾಸಿ ಸಂಘಟನೆಗಳ ಜೊತೆ ಮಾಡಿಕೊಂಡಿದ್ದ, ಶಿಕ್ಷಣ, ವಸತಿ, ಆರೋಗ್ಯಗಳಿಗೆ ಐದು ಶತಕೋಟಿ ಡಾಲರ್ ನೀಡುವ ಕೆಲೋನಾ ಒಪ್ಪಂದವನ್ನು ಇದೇ ಸರ್ಕಾರ ಕೈಬಿಟ್ಟಿತ್ತು. ಅದರ ನಂತರ, ಕೊಲೆಯಾದ ಅಥವಾ ಕಾಣೆಯಾದ ಮೂಲನಿವಾಸಿ ಮಹಿಳೆಯರ 1,181 ಪ್ರಕರಣಗಳನ್ನು ರಾಷ್ಟ್ರೀಯ ಪೊಲೀಸ್ ಪಡೆಯೇ 2014ರಲ್ಲಿ ಲೆಕ್ಕಹಾಕಿ ಮುಂದಿಟ್ಟಾಗಲೂ, ಇದು ಅಪರಾಧ ತನಿಖೆಯ ವಿಷಯ, ಸಾಮಾಜಿಕ ವಿದ್ಯಮಾನವಲ್ಲ ಎಂದು ಹೇಳಿ ರಾಷ್ಟ್ರೀಯ ವಿಚಾರಣೆಯನ್ನು ಹಾರ್ಪರ್ ನಿರಾಕರಿಸಿದರು. ಆ ವಿಚಾರಣೆ ಆರಂಭವಾದದ್ದು ಮುಂದಿನ ಸರ್ಕಾರದಲ್ಲಿ. ಹಳೆಯ ಸರ್ಕಾರಗಳ ತಪ್ಪಿಗೆ ಕ್ಷಮೆ ಕೇಳಿದ್ದಕ್ಕಿಂತ, ತನ್ನ ಕಣ್ಣೆದುರಿನ ಸಾವುಗಳ ವಿಚಾರಣೆಗೆ ಒಪ್ಪದೇ ಹೋದದ್ದನ್ನೇ ನಾನು ಹೆಚ್ಚು ಭಾರವೆಂದು ಪರಿಗಣಿಸುತ್ತೇನೆ; ನಿಮ್ಮ ಅಣ್ಣನವರು ಇದನ್ನು ಒಪ್ಪದಿದ್ದರೆ ಅವರ ಕಾರಣಗಳನ್ನೂ ತಿಳಿಯುವ ಆಸೆ ನನಗಿದೆ.